ಹದಿನಾರು ಬಿಟ್‌ಗಳ ಗಡಿ

ಬೆಂಗಳೂರಿನ ಒಂದು ಮನೆಗೆ 100 ಎಂಬಿಪಿಎಸ್ ಇಂಟರ್ನೆಟ್ ಸಂಪರ್ಕವಿದೆ ಎಂದುಕೊಳ್ಳಿ. ಸ್ಪೀಡ್ ಟೆಸ್ಟ್ ಮಾಡಿದರೆ ನೂರಕ್ಕೆ ನೂರು ಬರುತ್ತದೆ. ಅದೇ ಕಂಪ್ಯೂಟರಿನಲ್ಲಿ ಕ್ಯಾಲಿಫೋರ್ನಿಯಾದ ಸರ್ವರ್ ಒಂದರಿಂದ ಡಿವಿಡಿ ಗಾತ್ರದ, ಅಂದರೆ 4.7 ಜಿಬಿಯ ಕಡತ ಇಳಿಸಲು ಕೂತರೆ ವೇಗ ಎರಡು ಎಂಬಿಪಿಎಸ್ ಚಿಲ್ಲರೆಯಲ್ಲಿ ನಿಂತುಬಿಡುತ್ತದೆ. ಆರೇಳು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಐದು ಗಂಟೆ ಹಿಡಿಯುತ್ತದೆ. ಇಂಟರ್ನೆಟ್ ಕಂಪನಿಯವರು ಬಂದು ಪರೀಕ್ಷಿಸಿ ಲೈನು ಸರಿಯಿದೆ ಎನ್ನುತ್ತಾರೆ. ಅವರ ಮಾತು ನಿಜ. ಸರ್ವರ್ ನೋಡಿಕೊಳ್ಳುವವರನ್ನು ಕೇಳಿದರೆ ಅಲ್ಲಿಯೂ ಎಲ್ಲ ಸರಿಯಿದೆ. ಅದೂ ನಿಜ. ಬೇಸತ್ತು ದುಬಾರಿ ಪ್ಲಾನಿಗೆ ಬದಲಾಯಿಸಿ ಸಂಪರ್ಕವನ್ನು ಒಂದು ಗಿಗಾಬಿಟ್‌ಗೆ ಏರಿಸಿದರೂ ಆ ಕಡತ ಮಾತ್ರ ಮೊದಲಿನ ವೇಗದಲ್ಲೇ ಇಳಿಯುತ್ತದೆ.

ಈ ಕೊನೆಯ ಸಂಗತಿಯಲ್ಲೇ ಸುಳಿವಿದೆ. ದಟ್ಟಣೆಯಿಂದ ನಿಧಾನವಾದ ಸಂಪರ್ಕದ ವೇಗ ಏರಿಳಿಯುತ್ತಿರುತ್ತದೆ: ಸಂಜೆ ಒಂದು, ನಡುರಾತ್ರಿ ಇನ್ನೊಂದು. ಹಗಲು ರಾತ್ರಿ ಒಂದೇ ಅಂಕಿಗೆ ಅಂಟಿಕೊಂಡಿರುವ ವೇಗದ ಹಿಂದೆ ಸಾಮಾನ್ಯವಾಗಿ ಯಾವುದೋ ಒಂದು ಮಿತಿ ಇರುತ್ತದೆ. ಇಲ್ಲಿ ಆ ಮಿತಿ ಇರುವುದು ಸಮುದ್ರದಡಿಯ ಕೇಬಲಿನಲ್ಲಿ ಅಲ್ಲ, ರೌಟರಿನಲ್ಲೂ ಅಲ್ಲ. ಕಡತ ಇಳಿಸಿಕೊಳ್ಳುತ್ತಿರುವ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಒಳಗೆ ಇದೆ.

ಇಂಟರ್ನೆಟ್ಟಿನಲ್ಲಿ ಬಹುಪಾಲು ದತ್ತಾಂಶ ಹರಿಯುವುದು ಟಿಸಿಪಿ ಎಂಬ ನಿಯಮಾವಳಿಗೆ ಒಳಪಟ್ಟು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧ ಅದರ ಬೇರು. ಮುಂದೆ ದಶಕಗಳ ಕಾಲ ಎಲ್ಲರೂ ಅನುಸರಿಸಿದ ರೂಪ ಹೊರಬಂದದ್ದು 1981ರ ಸೆಪ್ಟೆಂಬರಿನಲ್ಲಿ. ಕಳುಹಿಸುವವರು ಕಡತವನ್ನು ಸಣ್ಣ ಪ್ಯಾಕೆಟ್‌ಗಳಾಗಿ ಮಾಡಿ ಕಳುಹಿಸುತ್ತಾರೆ, ಪಡೆಯುವವರು ಬಂದದ್ದಕ್ಕೆ ಸ್ವೀಕೃತಿ ಕಳುಹಿಸುತ್ತಾರೆ. ಇಷ್ಟು ಹಲವರಿಗೆ ಗೊತ್ತು. ಪ್ರತಿ ಸ್ವೀಕೃತಿಯ ಜೊತೆ ಇನ್ನೊಂದು ಸಂಖ್ಯೆಯೂ ಹೋಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ‘ಇನ್ನು ಇಷ್ಟು ಬೈಟ್‌ಗಳಿಗೆ ನನ್ನ ಬಳಿ ಜಾಗವಿದೆ, ಅಷ್ಟನ್ನು ನನ್ನ ಉತ್ತರಕ್ಕೆ ಕಾಯದೆ ಕಳುಹಿಸಬಹುದು’ ಎಂದು ಆ ಸಂಖ್ಯೆ ಹೇಳುತ್ತದೆ. ಇದೇ ರಿಸೀವ್ ವಿಂಡೋ. ಬರುವ ಬೈಟ್‌ಗಳನ್ನು ಬ್ರೌಸರ್ ಎತ್ತಿಕೊಳ್ಳುವವರೆಗೆ ಇಟ್ಟುಕೊಳ್ಳಲು ಆಪರೇಟಿಂಗ್ ಸಿಸ್ಟಂ ಮೆಮೊರಿಯಲ್ಲಿ ಮೀಸಲಿಟ್ಟ ಬಫರ್ ಎಷ್ಟು ದೊಡ್ಡದೋ ಅದಕ್ಕೆ ತಕ್ಕಂತೆ ಈ ಸಂಖ್ಯೆ ಇರುತ್ತದೆ.

ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆ ಕಟಾವಿಗೆ ಪರ್ಮಿಟ್ ಕೊಡುವ ಕ್ರಮವನ್ನು ಕಂಡವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ಯಾರ್ಡಿನಲ್ಲಿ 20 ಟ್ರ್ಯಾಕ್ಟರ್ ನಿಲ್ಲಲು ಜಾಗವಿದೆಯೆಂದು 20 ಪರ್ಮಿಟ್ ಮಾತ್ರ ಕೊಟ್ಟು, ಅವು ಬಂದು ಕಬ್ಬು ಇಳಿಸಿದ ಮೇಲೆಯೇ ಮುಂದಿನ ಪರ್ಮಿಟ್ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಪಕ್ಕದ ಊರಿನ ಕಬ್ಬಾದರೆ ತೊಂದರೆಯಿಲ್ಲ, ಟ್ರ್ಯಾಕ್ಟರುಗಳು ಹೋಗಿ ಬರುವುದರೊಳಗೆ ಯಂತ್ರಕ್ಕೆ ಕೆಲಸ ತಪ್ಪುವುದಿಲ್ಲ. ಅರವತ್ತು ಕಿಲೋಮೀಟರ್ ದೂರದ ಊರಾದರೆ ಪರ್ಮಿಟ್ ಅಲ್ಲಿಗೆ ತಲುಪಿ ಕಬ್ಬು ಇಲ್ಲಿಗೆ ಬರುವ ತನಕ ಯಂತ್ರ ಸುಮ್ಮನೆ ನಿಂತಿರುತ್ತದೆ. ರಸ್ತೆಯನ್ನು ನಾಲ್ಕು ಪಥ ಮಾಡಿದರೂ ಬರುವ ಟ್ರ್ಯಾಕ್ಟರುಗಳು ಇಪ್ಪತ್ತೇ.

ಅಂಕಿಗಳಿಗೆ ಬರೋಣ. 1981ರ ನಿಯಮದಲ್ಲಿ ವಿಂಡೋ ಸಂಖ್ಯೆಗೆ ಕೊಟ್ಟ ಜಾಗ 16 ಬಿಟ್. 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿದೊಡ್ಡ ಸಂಖ್ಯೆ 65,535. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ನೇರ ದೂರ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೇಬಲ್ ನೇರವಾಗಿ ಹಾದಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ಕರಾವಳಿಗಳನ್ನು ಬಳಸಿ ಹೋಗುತ್ತವೆ, ನಡುವೆ ರೌಟರುಗಳಿವೆ. ಹೀಗಾಗಿ ನಿಜವಾಗಿ ಹಿಡಿಯುವುದು 200 ಮಿಲಿಸೆಕೆಂಡಿಗಿಂತ ಹೆಚ್ಚು. 250 ಎಂದು ಇಟ್ಟುಕೊಂಡರೆ ಕಾಲು ಸೆಕೆಂಡಿಗೆ 65,535 ಬೈಟ್, ಅಂದರೆ ಸೆಕೆಂಡಿಗೆ ಎರಡು ಲಕ್ಷದ ಅರವತ್ತೆರಡು ಸಾವಿರ ಬೈಟ್. ಬಿಟ್‌ಗಳಲ್ಲಿ ಹೇಳಿದರೆ 2.1 ಎಂಬಿಪಿಎಸ್. ಆ ಮನೆಯ ಕಡತ ಇಳಿಯುತ್ತಿದ್ದ ವೇಗ ಇದೇ.

ಸ್ಪೀಡ್ ಟೆಸ್ಟ್ ಏಕೆ ನೂರು ತೋರಿಸಿತು ಎಂಬುದೂ ಇದೇ ಲೆಕ್ಕದಿಂದ ಹೊರಬರುತ್ತದೆ. ಟೆಸ್ಟಿನ ಸರ್ವರ್ ಬೆಂಗಳೂರಿನಲ್ಲೇ ಇದ್ದು ಹೋಗಿಬರಲು 5 ಮಿಲಿಸೆಕೆಂಡ್ ಸಾಕಾದರೆ, ಅದೇ 65,535 ಬೈಟ್‌ನ ವಿಂಡೋ 105 ಎಂಬಿಪಿಎಸ್ ತನಕ ದಾರಿ ಬಿಡುತ್ತದೆ. ಮಿತಿ ಅಲ್ಲಿಯೂ ಇದೆ, ಆದರೆ ಸಂಪರ್ಕದ ವೇಗಕ್ಕಿಂತ ತುಸು ಮೇಲಿರುವುದರಿಂದ ಕಾಣುವುದಿಲ್ಲ. ಸಾಲದ್ದಕ್ಕೆ ಇಂಥ ಟೆಸ್ಟುಗಳು ಒಂದೇ ಸಲಕ್ಕೆ ಹಲವು ಸಂಪರ್ಕಗಳನ್ನು ತೆರೆಯುತ್ತವೆ. ಪ್ರತಿಯೊಂದಕ್ಕೂ ಬೇರೆ ವಿಂಡೋ. ಎರಡು ಸಾವಿರದ ದಶಕದಲ್ಲಿ ನಮ್ಮಲ್ಲಿ ಮನೆಮಾತಾಗಿದ್ದ ಡೌನ್‌ಲೋಡ್ ಮ್ಯಾನೇಜರ್ ತಂತ್ರಾಂಶಗಳು ಕಡತವನ್ನು ಎಂಟು ಭಾಗ ಮಾಡಿ ಎಂಟು ಸಂಪರ್ಕಗಳಲ್ಲಿ ತರುತ್ತಿದ್ದವು. ದೂರದ ಸರ್ವರುಗಳಿಂದ ಅವು ಅಷ್ಟು ವೇಗವಾಗಿ ಕಡತ ತರುತ್ತಿದ್ದುದರ ಹಿಂದಿನ ಒಂದು ಮುಖ್ಯ ಕಾರಣ ಇದು: ಎಂಟು ಸಂಪರ್ಕಕ್ಕೆ ಎಂಟು ವಿಂಡೋ.

ಸೆಕೆಂಡಿಗೆ ಎಷ್ಟು ಬಿಟ್ ಹರಿಯಬಲ್ಲದು ಎಂಬುದನ್ನು ಹೋಗಿಬರುವ ಸಮಯದಿಂದ ಗುಣಿಸಿದರೆ, ಹಾದಿ ತುಂಬಿ ಹರಿಯಲು ಯಾವುದೇ ಕ್ಷಣದಲ್ಲಿ ಎಷ್ಟು ದತ್ತಾಂಶ ದಾರಿಯಲ್ಲಿರಬೇಕು ಎಂಬುದು ಸಿಗುತ್ತದೆ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಗಣಿತ ಇಷ್ಟೇ. 100 ಎಂಬಿಪಿಎಸ್‌ಗೆ ಕಾಲು ಸೆಕೆಂಡ್ ಎಂದರೆ ಮೂರು ಮೆಗಾಬೈಟ್‌ಗಿಂತ ತುಸು ಹೆಚ್ಚು. ಒಂದು ಗಿಗಾಬಿಟ್‌ಗೆ 31 ಮೆಗಾಬೈಟ್. ವಿಂಡೋ ಅದಕ್ಕಿಂತ ಚಿಕ್ಕದಾದಷ್ಟೂ ಹಾದಿ ಖಾಲಿ ಇರುತ್ತದೆ.

1981ರಲ್ಲಿ ಈ ನಿಯಮ ಬರೆದವರು ದೂರದೃಷ್ಟಿಯಿಲ್ಲದವರು ಎಂದುಕೊಂಡರೆ ಅನ್ಯಾಯ. ಇಂಟರ್ನೆಟ್ಟಿನ ಪೂರ್ವರೂಪವಾದ ಆಗಿನ ಅರ್ಪಾನೆಟ್‌ನ ಮುಖ್ಯ ಲೈನುಗಳ ವೇಗ ಸೆಕೆಂಡಿಗೆ 56 ಕಿಲೋಬಿಟ್. ಆ ಲೈನಿನಲ್ಲಿ 65,535 ಬೈಟ್ ಸಾಗಿಸಲು ಒಂಬತ್ತು ಸೆಕೆಂಡಿಗಿಂತ ಹೆಚ್ಚು ಬೇಕಿತ್ತು. ಅಂದರೆ ಆ ಮಿತಿಯನ್ನು ಮುಟ್ಟಬೇಕಾದರೆ ಉತ್ತರ ಒಂಬತ್ತು ಸೆಕೆಂಡ್ ತಡವಾಗಿ ಬರಬೇಕಿತ್ತು; ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿಬಂದರೂ ಅರ್ಧ ಸೆಕೆಂಡಿನ ಆಸುಪಾಸು ಅಷ್ಟೇ. ಇಡೀ ಕಂಪ್ಯೂಟರಿನ ಮೆಮೊರಿಯನ್ನೇ ಕಿಲೋಬೈಟ್‌ಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ಒಂದು ಸಂಪರ್ಕಕ್ಕೆ 64 ಕಿಲೋಬೈಟ್ ಕೊಡುವುದೇ ಧಾರಾಳತನ.

ಲೈನುಗಳ ವೇಗ ಏರಿದಂತೆ ತೊಂದರೆ ಶುರುವಾಯಿತು. 1992ರ ಮೇ ತಿಂಗಳಲ್ಲಿ ವ್ಯಾನ್ ಜೇಕಬ್ಸನ್, ಬಾಬ್ ಬ್ರೇಡನ್ ಮತ್ತು ಡೇವಿಡ್ ಬೋರ್ಮನ್ ಒಂದು ಪರಿಹಾರವನ್ನು ಪ್ರಕಟಿಸಿದರು. 16 ಬಿಟ್‌ನ ಜಾಗವನ್ನು ಹಿಗ್ಗಿಸಿದರೆ ಆವರೆಗಿನ ಎಲ್ಲ ಕಂಪ್ಯೂಟರುಗಳ ಜೊತೆ ಮಾತು ನಿಂತುಹೋಗುತ್ತದೆ. ಹಾಗಾಗಿ ಸಂಖ್ಯೆಯನ್ನು ಹಾಗೇ ಬಿಟ್ಟು, ಸಂಪರ್ಕದ ಮೊದಲ ಪ್ಯಾಕೆಟ್‌ನಲ್ಲಿ ಒಂದು ಗುಣಕವನ್ನು ತಿಳಿಸುವ ಏರ್ಪಾಡು ಮಾಡಿದರು. ‘ಇನ್ನು ಮುಂದೆ ನಾನು ಹೇಳುವ ಪ್ರತಿ ವಿಂಡೋ ಸಂಖ್ಯೆಯನ್ನು 128ರಿಂದ ಗುಣಿಸಿಕೊಳ್ಳಿ’ ಎಂಬಂತೆ. ಈ ಗುಣಕ ಎರಡರ ಹದಿನಾಲ್ಕನೆಯ ಘಾತದವರೆಗೂ ಹೋಗಬಹುದು. ಆಗ ವಿಂಡೋ ಒಂದು ಗಿಗಾಬೈಟ್ ಮುಟ್ಟುತ್ತದೆ. ಹಳೆಯ ಯಂತ್ರಕ್ಕೆ ಗುಣಕದ ಭಾಷೆ ಗೊತ್ತಿಲ್ಲದಿದ್ದರೆ ಅದು ಸುಮ್ಮನಿರುತ್ತದೆ, ಎರಡೂ ಕಡೆ 64 ಕಿಲೋಬೈಟ್‌ಗೆ ಮರಳುತ್ತವೆ. ಹಳಬರನ್ನು ಹೊರಗಿಡದೆ ಹೊಸಬರಿಗೆ ದಾರಿ ಮಾಡಿಕೊಡುವ ಇಂಥ ವಿನ್ಯಾಸಗಳಿಂದಲೇ ಇಂಟರ್ನೆಟ್ ಇಷ್ಟು ಕಾಲ ಬಾಳಿದೆ ಎಂದು ನಾನು ನಂಬಿದ್ದೇನೆ.

ಪರಿಹಾರ ಬಂದರೂ ಮನೆಗಳ ಕಂಪ್ಯೂಟರಿಗೆ ಇಳಿಯಲು ಹದಿನೈದು ವರ್ಷ ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಸಾಮಾನ್ಯ 100 ಮೆಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ತಾನಾಗಿ ಸಿಗುತ್ತಿದ್ದ ವಿಂಡೋ 17,520 ಬೈಟ್ ಮಾತ್ರ. 2004ರ ಅಕ್ಟೋಬರಿನಲ್ಲಿ ಭಾರತ ಸರ್ಕಾರದ ನೀತಿ ‘ಬ್ರಾಡ್‌ಬ್ಯಾಂಡ್’ ಎಂದರೆ ಕನಿಷ್ಠ 256 ಕೆಬಿಪಿಎಸ್ ಎಂದಿತು. ಆ ವೇಗಕ್ಕೆ ಅಮೆರಿಕದ ಸರ್ವರ್‌ನಿಂದ ತರಿಸಲು ಹತ್ತು ಸಾವಿರ ಬೈಟ್‌ನೊಳಗಿನ ವಿಂಡೋ ಸಾಕು. ಎಕ್ಸ್‌ಪಿ ಕೊಡುತ್ತಿದ್ದುದು ಧಾರಾಳವಾಯಿತು. ಮನೆಯ ಸಂಪರ್ಕ 2 ಎಂಬಿಪಿಎಸ್‌ಗೆ ಏರಿದಾಗ ಬೇಕಾದದ್ದು 60,000ಕ್ಕೂ ಹೆಚ್ಚು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ ತೆರೆದು ವಿಂಡೋ ಗಾತ್ರವನ್ನು ಕೈಯಾರೆ ಬರೆಯುವವರ, ಅದನ್ನು ಮಾಡಿಕೊಡುವ ಪುಟ್ಟ ತಂತ್ರಾಂಶಗಳ ಕಾಲ ಅದು. ಪಿಟ್ಸ್‌ಬರ್ಗ್ ಸೂಪರ್‌ಕಂಪ್ಯೂಟಿಂಗ್ ಕೇಂದ್ರದ ಮ್ಯಾಟ್ ಮ್ಯಾಥಿಸ್ 1999ರಲ್ಲೇ ಇದಕ್ಕೆ ಒಂದು ಹೆಸರು ಕೊಟ್ಟಿದ್ದರು: ಮಾಂತ್ರಿಕರ ಅಂತರ. ಸೆಟ್ಟಿಂಗ್‌ಗಳ ಒಳಗುಟ್ಟು ಬಲ್ಲ ತಜ್ಞನಿಗೆ ಸಿಗುವ ವೇಗಕ್ಕೂ ಅದೇ ಜಾಲದಲ್ಲಿ ಸಾಮಾನ್ಯ ಸಂಶೋಧಕನಿಗೆ ಸಿಗುವ ವೇಗಕ್ಕೂ ನೂರಾರು ಪಟ್ಟು ವ್ಯತ್ಯಾಸವಿತ್ತು. ಖಗೋಳ ಅಥವಾ ಜೀವವಿಜ್ಞಾನ ಓದಿದವರು ತಮ್ಮ ದತ್ತಾಂಶ ತರಿಸಿಕೊಳ್ಳಲು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಓದಬೇಕಾದ ಸ್ಥಿತಿ ಸಲ್ಲದು ಎಂಬುದು ಮ್ಯಾಥಿಸ್ ಮತ್ತು ಅವರ ಸಂಗಡಿಗರ ನಿಲುವು.

ಅವರ ಗುಂಪು, ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಮೈಕ್ ಫಿಸ್ಕ್ ಮತ್ತು ವೂ-ಚುನ್ ಫೆಂಗ್, ಬೇರೆ ಬೇರೆ ಕಡೆಯಿಂದ ಒಂದೇ ಗುರಿಯತ್ತ ನಡೆದರು: ಗಾತ್ರವನ್ನು ಯಂತ್ರವೇ ಕಂಡುಕೊಳ್ಳಲಿ. ಉಪಾಯ ಸರಳ. ಒಂದು ಸಲ ಹೋಗಿಬರುವಷ್ಟು ಸಮಯದಲ್ಲಿ ಎಷ್ಟು ಬೈಟ್ ಬಂದವೆಂದು ಪಡೆಯುವ ಕಂಪ್ಯೂಟರ್ ಎಣಿಸುತ್ತದೆ, ಅದರ ಎರಡರಷ್ಟು ಜಾಗ ಕಾದಿರಿಸಿ ವಿಂಡೋ ದೊಡ್ಡದು ಮಾಡುತ್ತದೆ. ಕಳುಹಿಸುವವರು ಅದನ್ನೂ ತುಂಬಿಸಿದರೆ ಮತ್ತೆ ಎರಡರಷ್ಟು. ಇದೇ ಆಟೋಟ್ಯೂನಿಂಗ್. ಲಿನಕ್ಸ್‌ಗೆ ಇದು 2004ರ ಹೊತ್ತಿಗೆ ಬಂತು, 2007ರಲ್ಲಿ ವಿಂಡೋಸ್ ವಿಸ್ಟಾದ ಜೊತೆ ಮನೆಮನೆಗೂ ಬಂತು.

ಬಂದ ಕೂಡಲೇ ಹೊಸ ತಲೆನೋವು. 2004ರಲ್ಲಿ ಲಿನಕ್ಸ್‌ನ ಹೊಸ ಆವೃತ್ತಿ 128ರ ಗುಣಕವನ್ನು ಬಳಸತೊಡಗಿದಾಗ ಕೆಲವು ಜಾಲತಾಣಗಳು ತೆರೆಯುವುದೇ ನಿಂತಿತು. ದಾರಿಯ ನಡುವಿನ ಕೆಲವು ರೌಟರುಗಳು ಮೊದಲ ಪ್ಯಾಕೆಟ್‌ನಲ್ಲಿದ್ದ ಗುಣಕವನ್ನು ಒಂದಕ್ಕೆ ತಿದ್ದಿ ಮುಂದೆ ಕಳುಹಿಸುತ್ತಿದ್ದವು. ಪಡೆಯುವ ಕಂಪ್ಯೂಟರ್ 5,840 ಬೈಟ್ ಎನ್ನಲು 45 ಎಂದು ಬರೆಯುತ್ತಿತ್ತು. ಗುಣಕದ ವಿಷಯವೇ ತಿಳಿಯದ ಸರ್ವರ್ ಅದನ್ನು ನಿಜವಾಗಿಯೂ 45 ಬೈಟ್ ಎಂದು ಓದಿಕೊಳ್ಳುತ್ತಿತ್ತು. ಒಂದು ಪ್ಯಾಕೆಟ್ಟಿಗೂ ಸಾಲದಷ್ಟು ಜಾಗ. ವಿಸ್ಟಾ ಬಂದಾಗಲೂ ಹಳೆಯ ಫೈರ್‌ವಾಲ್‌ಗಳ ಜೊತೆ ಇಂಥ ತಿಕ್ಕಾಟ ನಡೆಯಿತು, ‘ಆಟೋಟ್ಯೂನಿಂಗ್ ಆಫ್ ಮಾಡಿ’ ಎಂಬ ಸಲಹೆ ಕಿವಿಯಿಂದ ಕಿವಿಗೆ ಹಬ್ಬಿತು. ಆಗ ಅದು ಕೆಲವರಿಗೆ ನಿಜವಾಗಿ ಉಪಕಾರವಾಗಿತ್ತು. ತಪ್ಪು ಮಾಡುತ್ತಿದ್ದ ರೌಟರುಗಳು ಕಾಲಾಂತರದಲ್ಲಿ ಮೂಲೆ ಸೇರಿದವು. ಸಲಹೆ ಮಾತ್ರ ಉಳಿದುಕೊಂಡಿತು.

ಇಂದಿನ ವಿಂಡೋಸ್‌ನಲ್ಲಿ ಆ ಸಲಹೆಯಂತೆ ಆಟೋಟ್ಯೂನಿಂಗ್ ನಿಲ್ಲಿಸಿದರೆ ವಿಂಡೋ 64 ಕಿಲೋಬೈಟ್ ದಾಟುವುದಿಲ್ಲ. ಈ ಅಧ್ಯಾಯದ ಮೊದಲಿನ ಮನೆಗೆ ಆಗಿರುವುದು ಅದೇ. ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶವೊಂದು, ಎಂದೋ ಯಾರೋ ಒತ್ತಿದ ಒಂದು ಆದೇಶ, ಅಷ್ಟು ಸಾಕು. ಹಾಗಾಗಿ ದೂರದಿಂದ ಬರುವ ದತ್ತಾಂಶ ಮಾತ್ರ ನಿಧಾನ, ಹತ್ತಿರದ್ದು ಚುರುಕು ಎಂಬ ಲಕ್ಷಣ ಕಂಡರೆ ಹೊಸ ಸೆಟ್ಟಿಂಗ್ ಹುಡುಕುವ ಮೊದಲು ಹಳೆಯ ಸೆಟ್ಟಿಂಗ್‌ಗಳನ್ನು ಹುಡುಕಬೇಕು. ವಿಂಡೋಸ್‌ನ ನೆಟ್‌ಎಸ್‌ಎಚ್ ಆದೇಶದಲ್ಲಿ ಟಿಸಿಪಿಯ ಸ್ಥಿತಿ ಕೇಳಿದರೆ ಆಟೋಟ್ಯೂನಿಂಗ್ ಮಟ್ಟ ‘ನಾರ್ಮಲ್’ ಎಂದಿರಬೇಕು. ಬೇರೆ ಏನಾದರೂ ಇದ್ದರೆ ನಾರ್ಮಲ್‌ಗೆ ತಂದು ಮತ್ತೆ ಅಳೆಯಬೇಕು. ನೆಟ್‌ವರ್ಕ್ ಸೆಟ್ಟಿಂಗ್ ತಿದ್ದಿ ವೇಗ ಸರಿಪಡಿಸುವುದು ಎಂದರೆ ಇಂದು ಮನೆಗಳ ಮಟ್ಟಿಗೆ ಬಹುತೇಕ ಹಿಂದಿನ ತಿದ್ದುಪಡಿಗಳನ್ನು ಅಳಿಸುವ ಕೆಲಸವೇ.

ಇದೇ ಮಾತು ತಂತ್ರಾಂಶ ಬರೆಯುವವರಿಗೂ ಸಲ್ಲುತ್ತದೆ. ಲಿನಕ್ಸ್‌ನಲ್ಲಿ ಒಂದು ತಂತ್ರಾಂಶ ತನ್ನ ಸಂಪರ್ಕಕ್ಕೆ ‘ಇಷ್ಟೇ ಬಫರ್ ಕೊಡು’ ಎಂದು ತಾನೇ ಗಾತ್ರ ಹೇಳಿದರೆ ಆ ಸಂಪರ್ಕಕ್ಕೆ ಆಟೋಟ್ಯೂನಿಂಗ್ ನಿಂತುಹೋಗುತ್ತದೆ. ಕಡತ ಹಂಚಿಕೊಳ್ಳುವ ಸಾಂಬಾ ಸರ್ವರಿನ ಸೆಟ್ಟಿಂಗ್ ಕಡತದಲ್ಲಿ ರಿಸೀವ್ ಬಫರ್ 8,192 ಎಂದು ಬರೆಯುವ ಒಂದು ಸಾಲು ಹಲವು ವರ್ಷ ಒಬ್ಬರಿಂದೊಬ್ಬರಿಗೆ ನಕಲಾಗುತ್ತಲೇ ಹೋಯಿತು. ವೇಗ ಹೆಚ್ಚಿಸಲೆಂದು ಬರೆದ ಆ ಸಾಲು ಮಾಡುತ್ತಿದ್ದುದು ತದ್ವಿರುದ್ಧ ಕೆಲಸ.

ನಿಜವಾಗಿಯೂ ಸಂಖ್ಯೆ ಹೆಚ್ಚಿಸಬೇಕಾದ ಸಂದರ್ಭವೂ ಇದೆ. ಆಟೋಟ್ಯೂನಿಂಗ್‌ಗೆ ಒಂದು ಮೇಲ್ಮಿತಿ ಇರುತ್ತದೆ. ಲಿನಕ್ಸ್‌ನಲ್ಲಿ ಅದು ಬಹುಕಾಲ ಸಾಮಾನ್ಯವಾಗಿ 62,91,456 ಬೈಟ್, ಅಂದರೆ 6 ಮೆಗಾಬೈಟ್ ಇತ್ತು. ಪ್ಯಾಕೆಟ್‌ಗಳ ಲೆಕ್ಕಪತ್ರಕ್ಕೆ ಅರ್ಧ ಹೋದರೆ ವಿಂಡೋಗೆ ಉಳಿಯುವುದು ಮೂರು. ಕಾಲು ಸೆಕೆಂಡಿನ ಹಾದಿಯಲ್ಲಿ ಅದು ಸುಮಾರು 100 ಎಂಬಿಪಿಎಸ್‌ಗೆ ಸಾಕು, ಗಿಗಾಬಿಟ್‌ಗೆ ಏನೇನೂ ಸಾಲದು. ಅಮೆರಿಕದ ವೈಜ್ಞಾನಿಕ ಜಾಲ ಈಎಸ್‌ನೆಟ್ ತನ್ನ ಬಳಕೆದಾರರಿಗೆ 64 ಮೆಗಾಬೈಟ್ ತನಕ ಏರಿಸಿಕೊಳ್ಳಲು ಹೇಳಿದ್ದು ಇಂಥ ಉದ್ದನೆಯ ವೇಗದ ಹಾದಿಗಳಿಗಾಗಿ. ಇಲ್ಲಿ ಹಲವರು ಮರೆಯುವ ಒಂದು ಅಂಶವಿದೆ: ಕಳುಹಿಸುವ ಕಂಪ್ಯೂಟರ್ ಕೂಡ ಸ್ವೀಕೃತಿ ಬರುವವರೆಗೆ ಪ್ರತಿ ಬೈಟನ್ನೂ ತನ್ನ ಬಳಿ ಇಟ್ಟುಕೊಂಡಿರಬೇಕು. ಅಲ್ಲಿನ ಬಫರ್ ಚಿಕ್ಕದಾದರೆ ಇಲ್ಲಿ ಎಷ್ಟು ದೊಡ್ಡದು ಮಾಡಿದರೂ ವ್ಯರ್ಥ.

ಹಾಗಾದರೆ ಎಲ್ಲರೂ 64 ಮೆಗಾಬೈಟ್ ಇಟ್ಟುಕೊಂಡರೆ ಏನು ನಷ್ಟ? ಇದಕ್ಕೆ ಉತ್ತರ ಕೊಡಲು ಎರಡನೆಯ ವಿಂಡೋ ಒಂದನ್ನು ಪರಿಚಯಿಸಬೇಕು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಇದ್ದ ಸಂಪರ್ಕದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, ಬರೀ ಬಿಟ್. ಪಡೆಯುವವರಲ್ಲಿ ಜಾಗವಿದ್ದರೂ ನಡುದಾರಿಯಲ್ಲಿ ಜಾಗವಿರಲಿಲ್ಲ. ಕಳೆದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳುಹಿಸುವ ಭರದಲ್ಲಿ ಕಂಪ್ಯೂಟರುಗಳು ದಾರಿಯನ್ನು ಇನ್ನಷ್ಟು ಕಟ್ಟಿಹಾಕಿದವು. ವ್ಯಾನ್ ಜೇಕಬ್ಸನ್ ಇದರ ಬೆನ್ನುಹತ್ತಿ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದದ್ದು ಕಳುಹಿಸುವವರ ಕಡೆಯ ವಿಂಡೋ: ಸಣ್ಣದಾಗಿ ಶುರುಮಾಡಿ ಬೆಳೆಸುವುದು, ಪ್ಯಾಕೆಟ್ ಕಳೆದದ್ದು ಕಂಡರೆ ಕುಗ್ಗಿಸುವುದು. ಎರಡು ವಿಂಡೋಗಳಲ್ಲಿ ಯಾವುದು ಚಿಕ್ಕದೋ ಅದರ ಮಾತೇ ನಡೆಯುತ್ತದೆ.

ಪ್ಯಾಕೆಟ್ ಕಳೆಯುತ್ತಿದ್ದರೆ ಪಡೆಯುವವರ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬರುವುದಿಲ್ಲ. ಈಎಸ್‌ನೆಟ್‌ನಲ್ಲಿ ಒಮ್ಮೆ ಒಂದು ರೌಟರಿನ ಕಾರ್ಡ್ ಕೆಟ್ಟು 22,000 ಪ್ಯಾಕೆಟ್‌ಗಳಲ್ಲಿ ಒಂದನ್ನು ಬೀಳಿಸುತ್ತಿತ್ತು. ರೌಟರ್ ಅದನ್ನು ದೋಷವೆಂದು ವರದಿಯನ್ನೂ ಮಾಡಲಿಲ್ಲ. ಅಷ್ಟು ಸಣ್ಣ ನಷ್ಟವೇ ದೂರದ ವಿಜ್ಞಾನಿಗಳ ವೇಗವನ್ನು ನೆಲಕ್ಕಿಳಿಸಿತು. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಸೂತ್ರವನ್ನು ನಮ್ಮ ಕಾಲು ಸೆಕೆಂಡಿನ ಹಾದಿಗೆ ಹಾಕಿದರೆ ಅಂಥ ನಷ್ಟದಲ್ಲಿ ಹಳೆಯ ಬಗೆಯ ಟಿಸಿಪಿಗೆ ಸಿಗುವುದು ಏಳೆಂಟು ಎಂಬಿಪಿಎಸ್, ಲೈನು ಗಿಗಾಬಿಟ್ ಆದರೂ ಸರಿ. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್‌ನಂಥ ಹೊಸ ವಿಧಾನಗಳು ಇಷ್ಟು ಬೆದರುವುದಿಲ್ಲ, ಆದರೆ ಅವುಗಳ ಆಯ್ಕೆ ಕಳುಹಿಸುವವರ ಕೈಯಲ್ಲಿದೆ.

ಬಫರ್ ಅತಿ ದೊಡ್ಡದಾದರೆ ಆಗುವ ಇನ್ನೊಂದು ನಷ್ಟ ವಿಚಿತ್ರ. 2010ರಲ್ಲಿ ತಂತ್ರಾಂಶ ತಜ್ಞ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲಿ ದೊಡ್ಡ ಕಡತ ಸಾಗುವಾಗ ಉತ್ತರ ಬರಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಮೆಮೊರಿ ಅಗ್ಗವಾದ್ದರಿಂದ ಮೋಡೆಮ್ ಮತ್ತು ರೌಟರ್ ತಯಾರಿಸುವವರು ಅವುಗಳಲ್ಲಿ ಭಾರಿ ಬಫರ್ ಇಟ್ಟಿದ್ದರು. ಒಂದೇ ಡೌನ್‌ಲೋಡ್ ಅಥವಾ ಅಪ್‌ಲೋಡ್ ಅದನ್ನು ತುಂಬಿಸಿ, ಹಿಂದೆ ಬರುವ ಪ್ರತಿ ಪ್ಯಾಕೆಟ್ಟನ್ನೂ ಸರದಿಯಲ್ಲಿ ನಿಲ್ಲಿಸುತ್ತಿತ್ತು. ಎಕ್ಸ್‌ಪಿಯ ಕಾಲದಲ್ಲಿ ಈ ರೋಗ ಮರೆಯಲ್ಲಿತ್ತು ಎಂಬುದನ್ನೂ ಗೆಟಿಸ್ ತೋರಿಸಿದರು: ಅದರ ಚಿಕ್ಕ ವಿಂಡೋ ಆ ಬಫರುಗಳನ್ನು ತುಂಬಲು ಬಿಡುತ್ತಿರಲಿಲ್ಲ. ನಾವು ಮಿತಿ ಎಂದು ಕಿತ್ತುಹಾಕಿದ್ದು ಒಂದು ತಡೆಗೋಡೆಯೂ ಆಗಿತ್ತು. ಹಾಗಾಗಿ ಲೆಕ್ಕಕ್ಕೆ ಮೀರಿ ಮೇಲ್ಮಿತಿ ಏರಿಸಿದ ಮನೆಯಲ್ಲಿ ಡೌನ್‌ಲೋಡ್ ಓಡುತ್ತದೆ, ಪಕ್ಕದ ಕೋಣೆಯ ವಿಡಿಯೋ ಕರೆ ಕಡಿಯುತ್ತದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನವಿರುವ ರೌಟರ್ ಈ ಸರದಿಯನ್ನು ಚಿಕ್ಕದಾಗಿ ಇಡುತ್ತದೆ. ಅದು ಕಂಪ್ಯೂಟರಿನ ಸೆಟ್ಟಿಂಗ್‌ನಿಂದ ಆಗುವ ಕೆಲಸವಲ್ಲ.

ಸಮುದ್ರ ದಾಟಿ ಬಂದ ಪ್ಯಾಕೆಟ್ ಹೊಸ್ತಿಲಲ್ಲಿ ಬೀಳುವುದೂ ಉಂಟು. ನೆಟ್‌ವರ್ಕ್ ಕಾರ್ಡ್ ಮತ್ತು ಕರ್ನಲ್ ನಡುವೆ ರಿಂಗ್ ಬಫರ್ ಎಂಬ ಸಾಲು ಇದೆ. ಕೆಲವು ಕಾರ್ಡುಗಳಲ್ಲಿ ಅದರಲ್ಲಿ 256 ಪ್ಯಾಕೆಟ್‌ಗಳಿಗೆ ಮಾತ್ರ ಸ್ಥಳ. ಗಿಗಾಬಿಟ್ ವೇಗದಲ್ಲಿ ಪೂರ್ಣ ಗಾತ್ರದ ಪ್ಯಾಕೆಟ್‌ಗಳು ಸೆಕೆಂಡಿಗೆ 81,000ದಷ್ಟು ಬರುತ್ತವೆ, ಅಂದರೆ ಮೂರು ಮಿಲಿಸೆಕೆಂಡಿನಲ್ಲಿ ರಿಂಗ್ ಭರ್ತಿ. ಅಷ್ಟು ಹೊತ್ತು ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ನಂತರ ಬಂದದ್ದೆಲ್ಲ ಹೋಯಿತು. ಕಳುಹಿಸುವವರಿಗೆ ಇದು ದಾರಿಯಲ್ಲಿ ಕಳೆದದ್ದಕ್ಕಿಂತ ಬೇರೆಯಲ್ಲ. ತಮ್ಮ ವಿಂಡೋ ಕುಗ್ಗಿಸುತ್ತಾರೆ. ಲಿನಕ್ಸ್‌ನ ಈಥ್‌ಟೂಲ್ ಈ ನಷ್ಟದ ಎಣಿಕೆಯನ್ನು ತೋರಿಸುತ್ತದೆ, ರಿಂಗ್ ದೊಡ್ಡದು ಮಾಡಲೂ ಬಿಡುತ್ತದೆ. ಎಣಿಕೆ ಸೊನ್ನೆಯಿದ್ದರೆ ರಿಂಗ್ ಮುಟ್ಟುವ ಅಗತ್ಯವಿಲ್ಲ.

ಹಾಗೆಯೇ ವಿಂಡೋ ಒಳಗೊಂದು ವಿಂಡೋ ಇರಬಹುದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಕಡತ ಸಾಗಿಸುವ ಓಪನ್‌ಎಸ್‌ಎಸ್‌ಎಚ್ ಟಿಸಿಪಿಯ ಮೇಲೆ ತನ್ನದೇ ಇನ್ನೊಂದು ವಿಂಡೋ ಇಟ್ಟುಕೊಂಡಿದೆ. 2007ರಲ್ಲಿ ಅದನ್ನು ದೊಡ್ಡದು ಮಾಡಿದ ಮೇಲೆ ಸಿಗುವುದು ಎರಡು ಮೆಗಾಬೈಟ್‌ನಷ್ಟು: ಕಾಲು ಸೆಕೆಂಡಿನ ಹಾದಿಯಲ್ಲಿ 67 ಎಂಬಿಪಿಎಸ್. ಕರ್ನಲ್‌ಗೆ 64 ಮೆಗಾಬೈಟ್ ಕೊಟ್ಟರೂ ಈ ಅಂಕಿ ಕದಲುವುದಿಲ್ಲ.

ಬ್ರೌಸರುಗಳಲ್ಲಿ ರಿಸೀವ್ ವಿಂಡೋ ಈಗ ಆಪರೇಟಿಂಗ್ ಸಿಸ್ಟಂನಿಂದಲೇ ಹೊರಬೀಳುತ್ತಿದೆ. 2021ರ ಮೇ ತಿಂಗಳಲ್ಲಿ ಮಾನ್ಯತೆ ಪಡೆದ ಕ್ವಿಕ್ ನಿಯಮಾವಳಿ ಟಿಸಿಪಿಯನ್ನು ಬಿಟ್ಟು ಯುಡಿಪಿ ಎಂಬ ಇನ್ನೊಂದು ಸರಳ ನಿಯಮಾವಳಿಯ ಮೇಲೆ ಓಡುತ್ತದೆ. ಎಷ್ಟು ಬೈಟ್‌ಗೆ ಜಾಗವಿದೆ ಎಂದು ಹೇಳುವವರು ಬ್ರೌಸರ್, ಕರ್ನಲ್ ಅಲ್ಲ. ರಿಜಿಸ್ಟ್ರಿಯಲ್ಲಿ ಏನೇ ಬರೆದರೂ ಅಂಥ ಸಂಪರ್ಕಕ್ಕೆ ತಟ್ಟುವುದಿಲ್ಲ. ಕರ್ನಲ್‌ಗೆ ಉಳಿದಿರುವುದು ಬಂದದ್ದನ್ನು ಬ್ರೌಸರ್ ಎತ್ತಿಕೊಳ್ಳುವವರೆಗೆ ಹಿಡಿದಿಡುವ ಯುಡಿಪಿ ಬಫರ್. ಲಿನಕ್ಸ್‌ನಲ್ಲಿ ಬಹುಕಾಲದಿಂದ ಅದಕ್ಕೆ ತಾನಾಗಿ ಸಿಗುತ್ತಿರುವುದು 2,12,992 ಬೈಟ್. ಗಿಗಾಬಿಟ್ ವೇಗದಲ್ಲಿ ಅದು ಎರಡು ಮಿಲಿಸೆಕೆಂಡ್ ಕಳೆಯುವುದರೊಳಗೆ ತುಂಬುತ್ತದೆ. ಅದು ತುಂಬಿದೆ ಎಂದು ಕಳುಹಿಸುವವರಿಗೆ ಮುಂಚಿತವಾಗಿ ತಿಳಿಸುವ ಏರ್ಪಾಡು ಯುಡಿಪಿಯಲ್ಲಿ ಇಲ್ಲ. ಹಿಡಿಸದ ಪ್ಯಾಕೆಟ್ ಅಲ್ಲೇ ಬೀಳುತ್ತದೆ.